ವಸಡಿನ ಕಾಯಿಲೆಯಲ್ಲಿ ಎಷ್ಟು ಬಗೆ? ಸ್ಟೇಜ್, ಗ್ರೇಡ್ ಅಂದರೇನು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಲ್ಲಿನ ಡಾಕ್ಟರ್. ಅದರಲ್ಲೂ ವಸಡು ಮತ್ತು ಅದರ ಕೆಳಗಿನ ಮೂಳೆಯ ಚಿಕಿತ್ಸೆಯನ್ನೇ ಬೇರೆಯಾಗಿ ಓದಿದವಳು. ಈಗೀಗ ಚೀಟಿಯಲ್ಲಿ ‘ಪೆರಿಯೊಡಾಂಟೈಟಿಸ್, ಸ್ಟೇಜ್ 3, ಗ್ರೇಡ್ ಬಿ’ ಎಂದೆಲ್ಲ ಬರೆಯುವುದು ಶುರುವಾಗಿದೆ. ಅದನ್ನು ಓದಿ, ಮೊಬೈಲಿನಲ್ಲಿ ಹುಡುಕಿ, ರಾತ್ರಿ ನಿದ್ದೆಗೆಟ್ಟು ಬರುವವರು ಬಹಳ. ಅವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ.

ಚೀಟಿಯಲ್ಲಿ ಸ್ಟೇಜ್ 3 ಅಂತ ಇದೆ. ಇದು ಕ್ಯಾನ್ಸರಾ ಡಾಕ್ಟ್ರೇ?

ಅಲ್ಲ. ಮೊದಲು ಕೂತು ನೀರು ಕುಡಿಯಿರಿ.

ಸ್ಟೇಜ್, ಗ್ರೇಡ್ ಎನ್ನುವ ಪದಗಳು ಕ್ಯಾನ್ಸರ್ ವೈದ್ಯರಿಂದ ಎರವಲು ಬಂದದ್ದು ನಿಜ. ಆದರೆ ಇಲ್ಲಿ ಅವು ಎರಡು ಸರಳ ಪ್ರಶ್ನೆಗಳಿಗೆ ಉತ್ತರ, ಅಷ್ಟೇ. ಹಲ್ಲನ್ನು ಹಿಡಿದಿಟ್ಟ ಮೂಳೆ ಇದುವರೆಗೆ ಎಷ್ಟು ಹೋಗಿದೆ? ಅದು ಸ್ಟೇಜ್. ಯಾವ ವೇಗದಲ್ಲಿ ಹೋಗುತ್ತಿದೆ? ಅದು ಗ್ರೇಡ್. ಸ್ಟೇಜಿಗೆ 1ರಿಂದ 4ರವರೆಗೆ ಅಂಕಿ, ಗ್ರೇಡಿಗೆ ಎ, ಬಿ, ಸಿ ಅಕ್ಷರ. ಸ್ಟೇಜ್ 3 ಎಂದರೆ ಹಗುರಾಗಿ ತೆಗೆದುಕೊಳ್ಳುವ ವಿಷಯವಲ್ಲ, ಹಲ್ಲುಗಳು ಉದುರಿಹೋಗುವ ಭಯ ಇದೆ. ಆದರೆ ಅಪಾಯ ಇರುವುದು ಹಲ್ಲಿಗೆ, ಪ್ರಾಣಕ್ಕಲ್ಲ.

ಜಿಂಜಿವೈಟಿಸ್, ಪೆರಿಯೊಡಾಂಟೈಟಿಸ್: ಎರಡೂ ಒಂದೇನಾ?

ಒಂದೇ ಮನೆಯ ಅಂಗಳ ಮತ್ತು ತಳಪಾಯ ಅಂದುಕೊಳ್ಳಿ. ಜಿಂಜಿವೈಟಿಸ್‌ನಲ್ಲಿ ವಸಡು ಮಾತ್ರ ಊದಿರುತ್ತದೆ. ಕೆಂಪಾಗಿ, ಮೆತ್ತಗಾಗಿ, ಬ್ರಶ್ ತಾಗಿದರೆ ರಕ್ತ ಬರುತ್ತದೆ. ಕೆಳಗಿನ ಮೂಳೆ ಹಾಗೇ ಇದೆ. ಸರಿಯಾಗಿ ಸ್ವಚ್ಛ ಮಾಡಿದರೆ ವಸಡು ಮೊದಲಿನಂತೆ ಆಗುತ್ತದೆ, ಗುರುತೂ ಉಳಿಯುವುದಿಲ್ಲ.

ಪೆರಿಯೊಡಾಂಟೈಟಿಸ್‌ನಲ್ಲಿ ಊತ ಕೆಳಗೆ ಇಳಿದಿರುತ್ತದೆ. ಬೇರನ್ನು ಮೂಳೆಗೆ ಕಟ್ಟಿದ ನಾರುಗಳು ಹರಿದು, ಮೂಳೆ ಕರಗಿ, ಹಲ್ಲು ಮತ್ತು ವಸಡಿನ ನಡುವೆ ಜೇಬಿನಂಥ ಸಂದು ಬೀಳುತ್ತದೆ. ಇದಕ್ಕೇ ಪಾಕೆಟ್ ಎನ್ನುವುದು. ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ. ಇಡೀ ವರ್ಗೀಕರಣದಲ್ಲಿ ನೀವು ನೆನಪಿಟ್ಟುಕೊಳ್ಳಬೇಕಾದ ಗೆರೆ ಇದೊಂದೇ. ಈಚೆ ಇದ್ದರೆ ಪೂರ್ತಿ ವಾಪಸ್ ಬರಬಹುದು. ಆಚೆ ಹೋದರೆ ಇದ್ದದ್ದನ್ನು ಉಳಿಸಿಕೊಳ್ಳುವುದೇ ಕೆಲಸ.

ಬ್ರಶ್ ಮಾಡುವಾಗ ಸ್ವಲ್ಪ ರಕ್ತ ಎಲ್ಲರಿಗೂ ಬರುತ್ತೆ ಅಲ್ವಾ?

ಬರುವವರು ಬಹಳ ಜನ ಇದ್ದಾರೆ. ಹಾಗಂತ ಅದು ಸರಿ ಎಂದಲ್ಲ. ಕೈ ತೊಳೆಯುವಾಗ ರಕ್ತ ಬಂದರೆ ಸುಮ್ನೆ ಇರುತ್ತೀರಾ?

ಡೆನ್ಮಾರ್ಕಿನಲ್ಲಿ 1965ರಲ್ಲಿ ಹೆರಾಲ್ಡ್ ಲೋ ಮತ್ತು ಜೊತೆಗಾರರು ಒಂದು ಪ್ರಯೋಗ ಪ್ರಕಟಿಸಿದರು. ಆರೋಗ್ಯವಾದ ವಸಡಿದ್ದ 12 ಜನ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. ಅವರಲ್ಲಿ ಹೆಚ್ಚಿನವರು ದಂತ ವೈದ್ಯ ವಿದ್ಯಾರ್ಥಿಗಳು. (ಅವರ ಪಕ್ಕ ಕೂತು ಪಾಠ ಕೇಳಿದವರ ಪಾಡು ಯೋಚಿಸಿ.) 10ರಿಂದ 21 ದಿನದೊಳಗೆ ಎಲ್ಲರಿಗೂ ಜಿಂಜಿವೈಟಿಸ್ ಬಂತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಒಂದು ವಾರದ ಆಸುಪಾಸಿನಲ್ಲಿ ವಸಡು ಸರಿಹೋಯಿತು. ಹಲ್ಲಿನ ಮೇಲೆ ಕಟ್ಟುವ ಲೋಳೆಯಂಥ ಪದರ, ಅಂದರೆ ಪ್ಲಾಕ್, ಇದಕ್ಕೆಲ್ಲ ಕಾರಣ ಎಂದು ಅದರಿಂದ ಗಟ್ಟಿಯಾಯಿತು.

ಲೆಕ್ಕಕ್ಕೂ ಒಂದು ಮಿತಿ ಇದೆ. ನಾವು ಒಂದೊಂದು ಹಲ್ಲಿನ ಸುತ್ತ 6 ಕಡೆ ಮುಟ್ಟಿ ನೋಡುತ್ತೇವೆ. 28 ಹಲ್ಲಿದ್ದರೆ 168 ಜಾಗ. ಅದರಲ್ಲಿ 10 ಪ್ರತಿಶತಕ್ಕಿಂತ ಕಡಿಮೆ, ಅಂದರೆ 16 ಜಾಗದವರೆಗೆ ರಕ್ತ ಜಿನುಗಿದರೆ, ಹಲ್ಲು ವಸಡಿನ ನಡುವಿನ ಸಂದು 3 ಮಿ.ಮೀ. ದಾಟಿರದಿದ್ದರೆ, ವಸಡು ಆರೋಗ್ಯವಾಗಿದೆ ಎಂದೇ ಬರೆಯುತ್ತೇವೆ. 10ರಿಂದ 30 ಪ್ರತಿಶತ ಆದರೆ ಅಲ್ಲಲ್ಲಿನ ಜಿಂಜಿವೈಟಿಸ್. 30 ದಾಟಿದರೆ ಬಾಯಿ ಪೂರ್ತಿಯದು.

ನಮ್ಮ ತಾತನಿಗೆ ಪಯೋರಿಯಾ ಇತ್ತು ಅಂತಿದ್ದರು. ಅದು ಬೇರೆ ಕಾಯಿಲೆನಾ?

ಅದೇ ಇದು. ಪಯೋರಿಯಾ ಎಂದರೆ ಕೀವು ಹರಿಯುವುದು ಎಂದರ್ಥ. ವಸಡನ್ನು ಒತ್ತಿದರೆ ಕೀವು ಬರುತ್ತಿದ್ದ ಕಾರಣ ಹಳೆಯವರು ಹಾಗೆ ಕರೆದರು. ಈಗ ಪುಸ್ತಕದಲ್ಲಿ ಆ ಹೆಸರಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಹಲ್ಲುಪುಡಿ ಡಬ್ಬಿಯ ಮೇಲೆ ಮಾತ್ರ ಉಳಿದುಕೊಂಡಿದೆ.

ಈ ಹೆಸರುಗಳನ್ನು ಯಾಕೆ ಪದೇ ಪದೇ ಬದಲಾಯಿಸುತ್ತೀರಿ?

ನ್ಯಾಯವಾದ ಪ್ರಶ್ನೆ. ನಾನು ಓದುವಾಗ ಬಾಯಿಪಾಠ ಮಾಡಿದ ಪಟ್ಟಿ ಈಗ ಯಾವ ಕೆಲಸಕ್ಕೂ ಬರುವುದಿಲ್ಲ.

1989ರ ಪಟ್ಟಿಯಲ್ಲಿ ವಯಸ್ಸೇ ಮುಖ್ಯ. ದೊಡ್ಡವರಿಗೆ ಬಂದರೆ ‘ಅಡಲ್ಟ್ ಪೆರಿಯೊಡಾಂಟೈಟಿಸ್’, ಚಿಕ್ಕವರಿಗೆ ಬಂದರೆ ‘ಅರ್ಲಿ ಆನ್‌ಸೆಟ್’. ಆದರೆ ಬಾಯಿಗೆ ಜನ್ಮದಿನಾಂಕ ಗೊತ್ತಿಲ್ಲವಲ್ಲ. ಮೂವತ್ತೈದಕ್ಕೆ ಬಂದವರನ್ನು ಯಾವುದಕ್ಕೆ ಸೇರಿಸುವುದು? ಕಾಯಿಲೆ ಯಾವಾಗ ಶುರುವಾಯಿತು ಎಂದು ಅವರಿಗೇ ಗೊತ್ತಿರುವುದಿಲ್ಲ.

ಹಾಗಾಗಿ 1999ರಲ್ಲಿ ಹೆಸರು ಬದಲಾಯಿತು. ನಿಧಾನಕ್ಕೆ ಹೋಗುವುದು ‘ಕ್ರಾನಿಕ್’, ಜೋರಾಗಿ ಹೋಗುವುದು ‘ಅಗ್ರೆಸಿವ್’. ಸುಮಾರು 18 ವರ್ಷ ಅದೇ ನಡೆಯಿತು. ಕಷ್ಟ ಏನಾಯಿತೆಂದರೆ, ಒಂದೇ ರೋಗಿಯನ್ನು ನೋಡಿ ಒಬ್ಬ ಡಾಕ್ಟರ್ ಕ್ರಾನಿಕ್ ಎನ್ನುತ್ತಿದ್ದರು, ಇನ್ನೊಬ್ಬರು ಅಗ್ರೆಸಿವ್ ಎನ್ನುತ್ತಿದ್ದರು. ಇವೆರಡು ನಿಜಕ್ಕೂ ಬೇರೆ ಬೇರೆ ಕಾಯಿಲೆ ಎನ್ನಲು ಗಟ್ಟಿ ಆಧಾರವೂ ಸಿಗಲಿಲ್ಲ.

2017ರ ನವೆಂಬರಿನಲ್ಲಿ ಅಮೆರಿಕ ಮತ್ತು ಯೂರೋಪಿನ ವಸಡು ತಜ್ಞರ ಸಂಘಗಳು ಶಿಕಾಗೋದಲ್ಲಿ ಒಟ್ಟಿಗೆ ಕೂತವು. ಕ್ರಾನಿಕ್, ಅಗ್ರೆಸಿವ್ ಎರಡನ್ನೂ ಸೇರಿಸಿ ಒಂದೇ ಪೆರಿಯೊಡಾಂಟೈಟಿಸ್ ಮಾಡಿದರು. ಅದನ್ನು ಸ್ಟೇಜ್, ಗ್ರೇಡಿನಲ್ಲಿ ಅಳೆಯಬೇಕು ಎಂದರು. 2018ರ ಜೂನಿನಲ್ಲಿ ಪ್ರಕಟವಾದ ಆ ಪಟ್ಟಿಯೇ ಈಗ ನಮ್ಮ ಕಾಲೇಜುಗಳಲ್ಲೂ ನಡೆಯುತ್ತಿರುವುದು. ಇದರಲ್ಲಿ ಪೆರಿಯೊಡಾಂಟೈಟಿಸ್ ಮೂರು ಬಗೆ. ಎಲ್ಲರಿಗೂ ಬರುವ ಸಾಮಾನ್ಯದ್ದು ಒಂದು. ವಸಡು ಕೊಳೆತು ಹೋಗುವುದು ಇನ್ನೊಂದು. ಮೈಯಲ್ಲಿನ ಬೇರೆ ಅಪರೂಪದ ಕಾಯಿಲೆಯ ನೆರಳಾಗಿ ಬರುವುದು ಮೂರನೆಯದು. ನಿಮ್ಮ ಹಳೇ ಚೀಟಿಯಲ್ಲಿ ಕ್ರಾನಿಕ್ ಎಂದಿದ್ದು ಹೊಸದರಲ್ಲಿ ಸ್ಟೇಜ್ 3 ಎಂದಿದ್ದರೆ ಹೊಸ ಕಾಯಿಲೆ ಬಂತು ಎಂದಲ್ಲ. ಅದೇ ಮನೆಗೆ ಹೊಸ ಡೋರ್ ನಂಬರ್.

ಸ್ಟೇಜ್ ಅನ್ನು ಹೇಗೆ ಅಳೆಯುತ್ತೀರಿ? ನೋಡಿದ ಕೂಡಲೇ ಗೊತ್ತಾಗುತ್ತಾ?

ಕಣ್ಣಳತೆಯಲ್ಲಿ ಆಗುವ ಕೆಲಸ ಅಲ್ಲ. ಮಿಲಿಮೀಟರ್ ಗೀಟು ಹಾಕಿದ ಸಣ್ಣ ಕಡ್ಡಿ ಇರುತ್ತದೆ, ಪ್ರೋಬ್ ಅಂತ. ಅದನ್ನು ಹಗುರವಾಗಿ ಪಾಕೆಟ್ ಒಳಗೆ ಇಳಿಸುತ್ತೇವೆ. ಹಲ್ಲಿನ ಹೊಳಪಿನ ಭಾಗ ಮುಗಿದು ಬೇರು ಶುರುವಾಗುವ ಅಂಚಿನಿಂದ ಎಷ್ಟು ಕೆಳಗೆ ಹಿಡಿತ ಉಳಿದಿದೆ ಎಂದು ಅಳೆಯುತ್ತೇವೆ. ಜೊತೆಗೆ ಎಕ್ಸ್‌ರೇ.

ಅತಿ ಹೆಚ್ಚು ಹಾಳಾದ ಜಾಗದಲ್ಲಿ 1-2 ಮಿ.ಮೀ. ಹಿಡಿತ ಹೋಗಿದ್ದು, ಎಕ್ಸ್‌ರೇಯಲ್ಲಿ ಮೂಳೆ ಬೇರಿನ ಉದ್ದದ 15 ಪ್ರತಿಶತಕ್ಕಿಂತ ಕಡಿಮೆ ಕರಗಿದ್ದರೆ ಸ್ಟೇಜ್ 1. ಹಿಡಿತ 3-4 ಮಿ.ಮೀ. ಹೋಗಿ, ಮೂಳೆ 15ರಿಂದ 33 ಪ್ರತಿಶತ ಕರಗಿದ್ದರೆ ಸ್ಟೇಜ್ 2. ಇವೆರಡರಲ್ಲೂ ಈ ಕಾಯಿಲೆಯಿಂದ ಹಲ್ಲು ಬಿದ್ದಿರುವುದಿಲ್ಲ.

5 ಮಿ.ಮೀ. ಅಥವಾ ಜಾಸ್ತಿ ಹೋಗಿ, ಮೂಳೆ ಬೇರಿನ ನಡುಭಾಗದವರೆಗೆ ಅಥವಾ ಅದಕ್ಕೂ ಕೆಳಗೆ ಇಳಿದಿದ್ದರೆ ಸ್ಟೇಜ್ 3 ಇಲ್ಲವೇ 4. ಇವೆರಡನ್ನು ಬೇರೆ ಮಾಡುವುದು ಮಿಲಿಮೀಟರ್ ಅಲ್ಲ, ಬಾಯಿಯ ಪರಿಸ್ಥಿತಿ. ಈ ಕಾಯಿಲೆಯಿಂದ 4 ಹಲ್ಲಿನವರೆಗೆ ಹೋಗಿದ್ದರೆ 3, ಐದು ಅಥವಾ ಹೆಚ್ಚು ಹೋಗಿದ್ದರೆ 4. ಅಗಿಯಲು ಆಗದೆ ಇರುವುದು, ಮುಂದಿನ ಹಲ್ಲುಗಳು ಬೀಸಣಿಗೆಯ ಹಾಗೆ ಹರಡಿಕೊಳ್ಳುವುದು, ಹಲ್ಲು ಅಲ್ಲಾಡುವುದು, ಬಾಯಲ್ಲಿ 20ಕ್ಕಿಂತ ಕಡಿಮೆ ಹಲ್ಲು ಉಳಿದಿರುವುದು, ಇವೆಲ್ಲ ಸ್ಟೇಜ್ 4ರ ಲಕ್ಷಣ. ರೊಟ್ಟಿ ಬಿಟ್ಟು ಅನ್ನ ಸಾರಿಗೆ ಇಳಿದುಬಿಟ್ಟಿದ್ದೇನೆ ಎಂದು ಹಿರಿಯರು ಹೇಳಿದರೆ ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ.

ಒಂದು ಮಾತು. ಹುಳುಕಿನಿಂದ ಕೀಳಿಸಿದ ಹಲ್ಲು ಈ ಲೆಕ್ಕಕ್ಕೆ ಬರುವುದಿಲ್ಲ. ಯಾವ ಹಲ್ಲನ್ನು ಯಾಕೆ ತೆಗೆಸಿದಿರಿ ಎಂದು ನಾವು ಕೊರೆಯುವುದು ಅದಕ್ಕೇ.

ನನ್ನ ಪಾಕೆಟ್ 3 ಮಿ.ಮೀ. ಅಷ್ಟೇ ಇದೆ. ಆದರೂ ಸ್ಟೇಜ್ 3 ಬರೆದಿದ್ದಾರೆ. ತಪ್ಪಲ್ವಾ?

ತಪ್ಪಿರಲಿಕ್ಕಿಲ್ಲ. ವಸಡು ಕೆಳಗೆ ಸರಿದುಬಿಟ್ಟಿದ್ದರೆ ಪಾಕೆಟ್ ಆಳ ಕಾಣಿಸುವುದಿಲ್ಲ. ವಸಡು 4 ಮಿ.ಮೀ. ಇಳಿದು, ಅಲ್ಲಿಂದ ಪಾಕೆಟ್ 3 ಮಿ.ಮೀ. ಇದ್ದರೆ, ಹೋದದ್ದು ಒಟ್ಟು 7 ಮಿ.ಮೀ. ಬಾವಿಯ ಕಟ್ಟೆಯೇ ಕುಸಿದಿದ್ದರೆ ಕಟ್ಟೆಯಿಂದ ಆಳ ಅಳೆದು ಏನು ಪ್ರಯೋಜನ?

ಹಾಗಾದರೆ ಗ್ರೇಡ್ ಯಾಕೆ ಬೇಕು? ಸ್ಟೇಜ್ ಗೊತ್ತಾದರೆ ಸಾಲದಾ?

ಸಾಲದು. ಇದನ್ನು ಚೆನ್ನಾಗಿ ತೋರಿಸಿದ್ದು ಶ್ರೀಲಂಕಾದ ಚಹಾ ತೋಟಗಳು. ಹಲ್ಲುಜ್ಜದ ವಿದ್ಯಾರ್ಥಿಗಳ ಪ್ರಯೋಗ ಮಾಡಿದ ಅದೇ ಲೋ 1970ರಿಂದ ಸುಮಾರು 15 ವರ್ಷ ಅಲ್ಲಿನ 480 ಗಂಡಸು ಕೂಲಿಗಳ ಬಾಯಿ ನೋಡುತ್ತಾ ಹೋದರು. ಅವರಿಗೆ ಬ್ರಶ್ಶೂ ಇಲ್ಲ, ಹಲ್ಲಿನ ಡಾಕ್ಟರೂ ಇಲ್ಲ. ಹುಳುಕು ಹಲ್ಲು ಮಾತ್ರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎಲ್ಲರ ಹಲ್ಲಿನ ಮೇಲೂ ಪ್ಲಾಕ್, ಎಲ್ಲರ ವಸಡೂ ಊದಿದ್ದೇ.

ಆದರೂ 11 ಪ್ರತಿಶತ ಜನರಿಗೆ ಕಾಯಿಲೆ ಜಿಂಜಿವೈಟಿಸ್ ದಾಟಿ ಮುಂದೆ ಹೋಗಲೇ ಇಲ್ಲ. 81 ಪ್ರತಿಶತ ಜನರಿಗೆ ನಿಧಾನಕ್ಕೆ ಹೋಯಿತು. ಉಳಿದ 8 ಪ್ರತಿಶತಕ್ಕೆ ಓಡೋಡಿ ಹೋಯಿತು. 35ನೇ ವಯಸ್ಸಿಗೆ ಮೊದಲ ಗುಂಪಿನವರು ಕಳೆದುಕೊಂಡದ್ದು 1 ಮಿ.ಮೀ.ಗಿಂತ ಕಡಿಮೆ, ನಡುವಿನವರು ಸುಮಾರು 4, ಕೊನೆಯವರು ಸುಮಾರು 9 ಮಿ.ಮೀ.

ಕೊಳೆ ಒಂದೇ, ಊಟ ಒಂದೇ, ಬಾಯಿ ಬೇರೆ. ಒಬ್ಬೊಬ್ಬರ ಮೈ ಆ ಕೊಳೆಯ ಜೊತೆ ಗುದ್ದಾಡುವ ರೀತಿ ಬೇರೆ. ಗ್ರೇಡ್ ಹಿಡಿಯಲು ನೋಡುವುದು ಅದನ್ನೇ. ನನ್ನನ್ನು ಕೇಳಿದರೆ ಹೊಸ ಪಟ್ಟಿಯಲ್ಲಿ ನಿಜವಾಗಿ ಹೊಸದು ಅನ್ನುವುದು ಗ್ರೇಡ್ ಒಂದೇ. ದುಃಖ ಏನೆಂದರೆ ಚೀಟಿಯಲ್ಲಿ ಬರೆಯಲು ಜನ ಮರೆಯುವುದೂ ಅದನ್ನೇ.

ಗ್ರೇಡ್ ಲೆಕ್ಕ ಹೇಗೆ?

ಐದು ವರ್ಷದ ಹಿಂದಿನ ಎಕ್ಸ್‌ರೇ ಇದ್ದರೆ ಸುಲಭ. ಹೊಸದರ ಪಕ್ಕ ಇಟ್ಟು ನೋಡುವುದು. ಏನೂ ಇಳಿದಿಲ್ಲ ಎಂದರೆ ಎ. 2 ಮಿ.ಮೀ.ಗಿಂತ ಕಡಿಮೆ ಇಳಿದಿದ್ದರೆ ಬಿ. 2 ಅಥವಾ ಹೆಚ್ಚಾದರೆ ಸಿ.

ಹಳೇ ಎಕ್ಸ್‌ರೇ ಯಾರ ಹತ್ತಿರ ಇರುತ್ತೆ? ಆಗ ಇನ್ನೊಂದು ದಾರಿ. ಅತಿ ಹಾಳಾದ ಹಲ್ಲಿನಲ್ಲಿ ಎಷ್ಟು ಪ್ರತಿಶತ ಮೂಳೆ ಹೋಗಿದೆಯೋ ಅದನ್ನು ವಯಸ್ಸಿನಿಂದ ಭಾಗಿಸಿ. 0.25ಕ್ಕಿಂತ ಕಡಿಮೆ ಬಂದರೆ ಎ, 0.25ರಿಂದ 1ರವರೆಗೆ ಬಿ, 1 ದಾಟಿದರೆ ಸಿ.

ಒಂದೇ ಮನೆಯ ತಂದೆ ಮಗ ಬಂದಿದ್ದಾರೆ ಅಂದುಕೊಳ್ಳಿ. ತಂದೆಗೆ 72, ಮಗನಿಗೆ 36. ಇಬ್ಬರಿಗೂ ಮೂಳೆ 50 ಪ್ರತಿಶತ ಹೋಗಿದೆ. ಎಕ್ಸ್‌ರೇ ಅದಲು ಬದಲು ಮಾಡಿದರೆ ಗೊತ್ತಾಗದು. ತಂದೆಯದು 50 ಭಾಗಿಸು 72, ಅಂದರೆ 0.69. ಗ್ರೇಡ್ ಬಿ. ಮಗನದು 1.39. ಗ್ರೇಡ್ ಸಿ. ತಂದೆಯ ಹಲ್ಲುಗಳು ಅವರ ಜೊತೆ ಕೊನೆಯವರೆಗೂ ಬರಬಹುದು. ಮಗನದ್ದು ಹೀಗೇ ಬಿಟ್ಟರೆ ಐವತ್ತಕ್ಕೆ ಸೆಟ್ ಹಲ್ಲು. ಮನೆಯವರು ಮಾತ್ರ ತಂದೆಯನ್ನು ಮುಂದೆ ತಳ್ಳಿ ‘ಮೊದಲು ಅಪ್ಪಾಜಿಯನ್ನು ನೋಡಿ’ ಎನ್ನುತ್ತಾರೆ.

ಶುಗರ್ ಇದ್ದರೆ ಗ್ರೇಡ್ ಜಾಸ್ತಿ ಆಗುತ್ತಾ?

ಆಗಬಹುದು. ನಾವು ಸಾಮಾನ್ಯವಾಗಿ ಬಿ ಎಂದು ಹಿಡಿದುಕೊಂಡು, ಆಮೇಲೆ ಮೇಲೆ ಕೆಳಗೆ ಮಾಡುತ್ತೇವೆ. ಮೇಲೆ ತಳ್ಳುವುದು ಮುಖ್ಯವಾಗಿ ಎರಡು: ಸಕ್ಕರೆ ಕಾಯಿಲೆ, ಸಿಗರೇಟು. ಮೂರು ತಿಂಗಳ ಶುಗರ್ ಲೆಕ್ಕ, ಅಂದರೆ ಎಚ್‌ಬಿಎ1ಸಿ, 7 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನೇರ ಗ್ರೇಡ್ ಸಿ. 7ಕ್ಕಿಂತ ಕಡಿಮೆ ಇಟ್ಟುಕೊಂಡಿದ್ದರೆ ಬಿ. ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದಿದರೆ ಸಿ, ಅದಕ್ಕಿಂತ ಕಡಿಮೆಯಾದರೆ ಬಿ.

ಬೀಡಿಯ ಹೆಸರು ಆ ಪಟ್ಟಿಯಲ್ಲಿಲ್ಲ. ನಾನು ಅದನ್ನೂ ಸಿಗರೇಟಿನ ಜೊತೆ ಎಣಿಸುತ್ತೇನೆ. ಕಡ್ಡಿಪುಡಿ, ಹೊಗೆಸೊಪ್ಪು ಕೂಡ ಪಟ್ಟಿಯಲ್ಲಿಲ್ಲ. ಆದರೆ ಅದನ್ನು ಒತ್ತರಿಸಿ ಇಟ್ಟುಕೊಳ್ಳುವ ಜಾಗದಲ್ಲೇ ವಸಡು ಸವೆದು ಬೇರು ಕಾಣುವುದನ್ನು ನಮ್ಮ ಕಡೆ ಯಾವ ಹಲ್ಲಿನ ಡಾಕ್ಟರೂ ನೋಡಿರುತ್ತಾರೆ. ಆ ಜಾಗವನ್ನು ಬಾಯಿಯ ಕ್ಯಾನ್ಸರಿಗಾಗಿಯೂ ನೋಡಲೇಬೇಕು. ನೆಮ್ಮದಿ ಹೇಳಲು ನನಗೂ ಇಷ್ಟವೇ, ಆದರೆ ಇಲ್ಲಿ ಹೇಳಲಾರೆ.

ಶುಗರಿಗೂ ವಸಡಿಗೂ ಕೊಡುಕೊಳ್ಳುವಿಕೆ ಇದೆ. ಶುಗರ್ ಏರಿದರೆ ವಸಡು ಕೆಡುತ್ತದೆ. ವಸಡು ಕೆಟ್ಟರೆ ಶುಗರ್ ಹಿಡಿತಕ್ಕೆ ಸಿಗುವುದು ಕಷ್ಟ. ವಸಡಿಗೆ ಸರಿಯಾದ ಚಿಕಿತ್ಸೆ ಆದರೆ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುತ್ತದೆ. ಮಾತ್ರೆ ನಿಲ್ಲಿಸುವಷ್ಟು ದೊಡ್ಡದಲ್ಲ, ಬಿಟ್ಟುಬಿಡುವಷ್ಟು ಚಿಕ್ಕದೂ ಅಲ್ಲ.

ನಾನು ಸಿಗರೇಟು ಸೇದುತ್ತೇನೆ. ಆದರೆ ವಸಡಿನಲ್ಲಿ ಒಂದು ಹನಿ ರಕ್ತ ಇಲ್ಲ. ಚೆನ್ನಾಗಿದೆ ಅಂತ ಅಲ್ವಾ?

ಇದೇ ಮೋಸ. ತಂಬಾಕು ವಸಡಿನ ರಕ್ತ ಓಡಾಟವನ್ನು ತಗ್ಗಿಸುತ್ತದೆ. ಎಚ್ಚರಿಕೆಯ ಗಂಟೆಗೆ ಬಟ್ಟೆ ಸುತ್ತಿದ ಹಾಗೆ. ಒಳಗೆ ಮೂಳೆ ಹೋಗುತ್ತಲೇ ಇರುತ್ತದೆ. ಬಿಟ್ಟ ಮೇಲೆ ಕೆಲವು ವಾರ ರಕ್ತ ಜಾಸ್ತಿ ಕಾಣಿಸಬಹುದು. ‘ಬಿಟ್ಟದ್ದಕ್ಕೇ ಹೀಗಾಯಿತು’ ಎಂದು ಮತ್ತೆ ಶುರು ಮಾಡಬೇಡಿ. ಗಂಟೆ ಮತ್ತೆ ಕೇಳಿಸುತ್ತಿದೆ ಅಷ್ಟೇ.

ಲೋಕಲೈಸ್ಡ್, ಜನರಲೈಸ್ಡ್ ಎಂದರೆ?

ಎಷ್ಟು ಹಲ್ಲಿಗೆ ಹರಡಿದೆ ಎಂಬುದು. 30 ಪ್ರತಿಶತಕ್ಕಿಂತ ಕಡಿಮೆ ಹಲ್ಲಿಗೆ ಇದ್ದರೆ ಲೋಕಲೈಸ್ಡ್. ಅದಕ್ಕೂ ಜಾಸ್ತಿ ಇದ್ದರೆ ಜನರಲೈಸ್ಡ್.

ಮಗಳಿಗೆ 16 ವರ್ಷ. ಚೆನ್ನಾಗಿ ಹಲ್ಲುಜ್ಜುತ್ತಾಳೆ. ಆದರೂ ಮುಂದಿನ ಹಲ್ಲು ಅಲ್ಲಾಡುತ್ತಿದೆ. ಯಾಕೆ?

ತಡ ಮಾಡದೆ ತೋರಿಸಿ. ಹರಡುವಿಕೆಯಲ್ಲಿ ಮೂರನೇ ಬಗೆ ಒಂದಿದೆ. ಮುಂದಿನ ಬಾಚಿ ಹಲ್ಲುಗಳು ಮತ್ತು ಮೊದಲ ದವಡೆ ಹಲ್ಲುಗಳಿಗೆ ಮಾತ್ರ ಬರುವುದು. ಹರೆಯಕ್ಕೆ ಬರುವ ವಯಸ್ಸಿನಲ್ಲೇ ಶುರುವಾಗುತ್ತದೆ. ವಿಚಿತ್ರ ಏನೆಂದರೆ ಬಾಯಿ ನೋಡಿದರೆ ಸ್ವಚ್ಛವಾಗಿಯೇ ಇರುತ್ತದೆ, ವಸಡೂ ಅಷ್ಟೊಂದು ಕೆಂಪಾಗಿರುವುದಿಲ್ಲ. ಎಕ್ಸ್‌ರೇ ತೆಗೆದರೆ ಮಾತ್ರ ಮೂಳೆ ಕಮಾನಿನಂತೆ ಕೊರೆದುಹೋಗಿರುವುದು ಕಾಣುತ್ತದೆ. ಒಂದು ನಿರ್ದಿಷ್ಟ ಬ್ಯಾಕ್ಟೀರಿಯಾ ಮತ್ತು ವಂಶದ ಗುಣ, ಎರಡರ ಕೈವಾಡವೂ ಇದರಲ್ಲಿದೆ. ಹಾಗಾಗಿ ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ಬಾಯಿಯನ್ನೂ ನೋಡಿಸಬೇಕು. ‘ನೀನು ಸರಿಯಾಗಿ ಉಜ್ಜಲ್ಲ’ ಎಂದು ಮಗುವನ್ನು ಬೈದರೆ ಪ್ರಯೋಜನವಿಲ್ಲ, ಅನ್ಯಾಯ ಕೂಡ. ಬೇಗ ಹಿಡಿದರೆ ಆಳದ ಕ್ಲೀನಿಂಗ್ ಜೊತೆ ಆಂಟಿಬಯಾಟಿಕ್ ಕೊಟ್ಟು ಹಲ್ಲುಗಳನ್ನು ಚೆನ್ನಾಗಿ ಉಳಿಸಬಹುದು.

ಇನ್ನೂ ಚಿಕ್ಕ ಮಕ್ಕಳಲ್ಲಿ ಹಾಲುಹಲ್ಲು ಅವಧಿಗೆ ಮೊದಲೇ ಅಲ್ಲಾಡಿ ಬಿದ್ದರೆ ಮೈಯಲ್ಲಿ ಬೇರೆ ತೊಂದರೆ ಇದೆಯಾ ಎಂದು ಹುಡುಕಬೇಕು. ಅಂಗೈ, ಅಂಗಾಲು ದಪ್ಪಗಾಗಿ ಸಿಪ್ಪೆ ಏಳುವ ಪಾಪಿಯೋನ್-ಲಿಫೆವ್ರ್ ಎಂಬ ಅಪರೂಪದ ಕಾಯಿಲೆಯಲ್ಲಿ ಹೀಗಾಗುತ್ತದೆ. ಬಿಳಿ ರಕ್ತಕಣದ ಕೆಲವು ದೋಷಗಳಲ್ಲೂ ಆಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ವಸಡಿನ ಕಾಯಿಲೆ ಬೇಗ ಬರುತ್ತದೆ.

ನಿನ್ನೆಯಿಂದ ವಸಡು ತುಂಬಾ ನೋವು, ಬಾಯಿ ಕೆಟ್ಟ ವಾಸನೆ. ಇದು ಯಾವ ಬಗೆ?

ಮಾಮೂಲಿ ವಸಡಿನ ಕಾಯಿಲೆಗೆ ನೋವು ಇರುವುದು ಕಡಿಮೆ. ಅದಕ್ಕೇ ಜನ ತಡವಾಗಿ ಬರುವುದು. ನೋವು, ದುರ್ವಾಸನೆ, ತಾನಾಗಿ ಬರುವ ರಕ್ತ, ಹಲ್ಲಿನ ಸಂದಿಯ ವಸಡು ತುದಿಯಲ್ಲಿ ಕತ್ತರಿಸಿದಂತೆ ಹೋಗಿ ಮೇಲೆ ಬೂದು ಪೊರೆ, ಇಷ್ಟೂ ಇದ್ದರೆ ಅದು ವಸಡು ಕೊಳೆಯುವ ಬಗೆ, ನೆಕ್ರೋಟೈಸಿಂಗ್ ಎನ್ನುತ್ತೇವೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಲ್ಲಿ ಕೂತಿದ್ದ ಸೈನಿಕರಿಗೆ ಇದು ಎಷ್ಟು ಬಂತೆಂದರೆ ‘ಟ್ರೆಂಚ್ ಮೌತ್’ ಎಂದೇ ಹೆಸರಾಯಿತು. ನಿದ್ದೆಯಿಲ್ಲ, ಊಟವಿಲ್ಲ, ಭಯ, ಸಿಗರೇಟು, ಬಾಯಿ ತೊಳೆಯಲು ನೀರಿಲ್ಲ. ಈಗ ಪರೀಕ್ಷೆ ಸಮಯದಲ್ಲಿ ಹಾಸ್ಟೆಲ್ ಹುಡುಗರಲ್ಲಿ ಆಗೊಮ್ಮೆ ಈಗೊಮ್ಮೆ ನೋಡುತ್ತೇನೆ. ಎಚ್‌ಐವಿ ಇದ್ದು ಗೊತ್ತಿರದವರಲ್ಲೂ ಇದೇ ಮೊದಲ ಸುಳಿವಾಗಬಹುದು, ಹಾಗಾಗಿ ರಕ್ತ ಪರೀಕ್ಷೆ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ.

ಇದು ಮುಂದುವರಿದು ವಸಡಿನಿಂದ ಕೆನ್ನೆಯವರೆಗೆ ಹೋಗುವ ಭೀಕರ ರೂಪ ನೋಮಾ. ಹೆಚ್ಚಾಗಿ ಆಫ್ರಿಕಾದ ತೀರಾ ಬಡ, ಅಪೌಷ್ಟಿಕ ಮಕ್ಕಳಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಅದನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ನೋವು ಒಂದೇ ಹಲ್ಲಿನ ಪಕ್ಕ ಇದ್ದು, ಗುಳ್ಳೆಯಂತೆ ಊದಿ ಕೀವು ತುಂಬಿದ್ದರೆ ಅದು ವಸಡಿನ ಬಾವು. ಸೂಜಿಯಿಂದ ಚುಚ್ಚಿಕೊಳ್ಳಬೇಡಿ. ಜ್ವರ ಬಂದರೆ, ಮುಖ ಊದಿದರೆ, ನುಂಗಲು ಕಷ್ಟವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಬಿಪಿ ಮಾತ್ರೆ ಶುರು ಮಾಡಿದ ಮೇಲೆ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಬೆಳೆಯುತ್ತಿದೆ. ಸಂಬಂಧ ಇದೆಯಾ?

ಇದೆ. ಆಮ್ಲೋಡಿಪಿನ್, ನಿಫೆಡಿಪಿನ್ ಗುಂಪಿನ ಬಿಪಿ ಮಾತ್ರೆಗಳು ಕೆಲವರಿಗೆ ಹೀಗೆ ಮಾಡುತ್ತವೆ. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಿಡ್ನಿ ಕಸಿ ಆದವರು ತೆಗೆದುಕೊಳ್ಳುವ ಸೈಕ್ಲೋಸ್ಪೊರಿನ್ ಕೂಡ. ಪಟ್ಟಿಯಲ್ಲಿ ಇದಕ್ಕೆ ಬೇರೆಯೇ ಜಾಗ ಇದೆ. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನಿಮ್ಮ ಬಿಪಿ ಡಾಕ್ಟರಿಗೆ ಹೇಳಿ, ಅವರು ಬೇರೆ ಗುಂಪಿನದು ಕೊಡಬಹುದು. ಬಾಯಿ ಸ್ವಚ್ಛವಾಗಿದ್ದಷ್ಟೂ ಈ ಬೆಳವಣಿಗೆ ಕಡಿಮೆ.

ಬಸುರಿಯಲ್ಲಿ ವಸಡು ಊದುವುದು?

ಹಾರ್ಮೋನು ಏರಿದಾಗ ವಸಡು ಸ್ವಲ್ಪ ಪ್ಲಾಕಿಗೂ ಜಾಸ್ತಿ ಊದುತ್ತದೆ. ಕೆಲವರಿಗೆ ಹಲ್ಲಿನ ಸಂದಿಯಲ್ಲಿ ಕೆಂಪು ಗಂಟು ಬರುತ್ತದೆ, ಮುಟ್ಟಿದರೆ ರಕ್ತ. ಅದು ಕ್ಯಾನ್ಸರ್ ಗಡ್ಡೆಯಲ್ಲ, ಹೆರಿಗೆ ಆದ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಬಸುರಿಯಲ್ಲಿ ಹಲ್ಲು ಕ್ಲೀನ್ ಮಾಡಿಸಬಾರದು ಎನ್ನುವುದು ಸುಳ್ಳು. ನಾಲ್ಕರಿಂದ ಆರನೇ ತಿಂಗಳು ಅದಕ್ಕೆ ಒಳ್ಳೆಯ ಸಮಯ. ‘ಒಂದು ಬಸುರಿಗೆ ಒಂದು ಹಲ್ಲು ಹೋಗುತ್ತೆ’ ಎಂದು ಅತ್ತೆಯವರು ಹೇಳಿದರೆ ಸುಮ್ನೆ ತಲೆಯಾಡಿಸಿ, ಆಮೇಲೆ ಬಂದು ತೋರಿಸಿ.

ವಸಡಿನ ಎಲ್ಲ ಕಾಯಿಲೆಯೂ ಪ್ಲಾಕಿನಿಂದಲೇ ಬರುವುದಾ?

ಇಲ್ಲ. ವಿಟಮಿನ್ ಸಿ ಕೊರತೆ, ಹರ್ಪಿಸ್ ವೈರಸ್, ಲೈಕನ್ ಪ್ಲೇನಸ್‌ನಂಥ ಚರ್ಮದ ಕಾಯಿಲೆ, ಇವೂ ವಸಡಿನಲ್ಲಿ ಕಾಣಿಸಿಕೊಳ್ಳುತ್ತವೆ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಕೆಲವೇ ವಾರಗಳಲ್ಲಿ ವಸಡು ಏಕಾಏಕಿ ಊದಿ, ತಾನಾಗಿ ರಕ್ತ ಬರುತ್ತಾ, ಜೊತೆಗೆ ಸುಸ್ತು, ಜ್ವರ, ಮೈಮೇಲೆ ನೀಲಿ ಕಲೆ ಇದ್ದರೆ ಕ್ಲೀನಿಂಗಿಗೆ ಮೊದಲು ರಕ್ತ ಪರೀಕ್ಷೆ ಆಗಬೇಕು. ರಕ್ತದ ಕ್ಯಾನ್ಸರ್ ಹೀಗೆ ಬಾಯಲ್ಲಿ ಮೊದಲು ತೋರಿಸಿಕೊಳ್ಳುವುದುಂಟು.

ನನ್ನ ವಸಡು ಕಪ್ಪು. ಇದೂ ಕಾಯಿಲೆನಾ?

ಹುಟ್ಟಿನಿಂದಲೇ ಹಾಗಿದ್ದರೆ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ವಸಡಿನಲ್ಲೂ ಇರುತ್ತದೆ. ನಮ್ಮ ದೇಶದ ಲಕ್ಷಾಂತರ ಜನರ ಆರೋಗ್ಯವಾದ ವಸಡು ಕಂದು ಇಲ್ಲವೇ ಕಪ್ಪೇ. ಪುಸ್ತಕದ ಚಿತ್ರದಲ್ಲಿ ಗುಲಾಬಿ ಎಂದ ಮಾತ್ರಕ್ಕೆ ನಮ್ಮದು ತಪ್ಪಾಗಲಿಲ್ಲ. ಮದುವೆಗೆ ಮುಂಚೆ ಲೇಸರ್ ಹಾಕಿಸಿ ಗುಲಾಬಿ ಮಾಡಿಸಲು ಬರುವ ಹುಡುಗಿಯರಿಗೆ ನಾನು ಮೊದಲು ಕೇಳುವುದು, ‘ನಿನಗೆ ಬೇಕಾ, ಮನೆಯವರಿಗೆ ಬೇಕಾ?’ ಹೊಸದಾಗಿ ಒಂದೇ ಕಡೆ ಕಪ್ಪು ಕಲೆ ಬಂದಿದ್ದರೆ ಮಾತ್ರ ತೋರಿಸಿ.

ವಸಡು ಇಳಿದು ಹಲ್ಲು ಉದ್ದ ಕಾಣುತ್ತಿದೆ, ತಣ್ಣೀರು ಜುಮ್ ಅನ್ನುತ್ತೆ.

ಇದು ರಿಸೆಶನ್. ಇದಕ್ಕೂ ಮೂರು ಬಗೆ: ಆರ್‌ಟಿ1, ಆರ್‌ಟಿ2, ಆರ್‌ಟಿ3. ಆರ್‌ಟಿ ಎಂದರೆ ರಿಸೆಶನ್ ಟೈಪ್. ಹಲ್ಲಿನ ಮುಂಭಾಗದಲ್ಲಿ ಮಾತ್ರ ವಸಡು ಇಳಿದು, ಸಂದಿಯ ಹಿಡಿತ ಪೂರ್ತಿ ಉಳಿದಿದ್ದರೆ ಮೊದಲನೆಯದು. ಗಟ್ಟಿ ಬ್ರಶ್ಶಿನಿಂದ ಪಾತ್ರೆ ತಿಕ್ಕಿದಂತೆ ಉಜ್ಜುವವರಿಗೆ ಬರುವುದು ಹೆಚ್ಚಾಗಿ ಇದೇ. ಅಂಗುಳಿನಿಂದ ತುಣುಕು ತೆಗೆದು ಕಸಿ ಮಾಡಿ ಬೇರನ್ನು ಪೂರ್ತಿ ಮುಚ್ಚುವ ಸಾಧ್ಯತೆ ಚೆನ್ನಾಗಿದೆ. ಸಂದಿಯಲ್ಲೂ ಹಿಡಿತ ಹೋದಷ್ಟು ಆ ಸಾಧ್ಯತೆ ಕಡಿಮೆ. ಆರ್‌ಟಿ3ರಲ್ಲಿ ಪೂರ್ತಿ ಮುಚ್ಚುತ್ತೇನೆ ಎಂದು ಯಾರಾದರೂ ಭರವಸೆ ಕೊಟ್ಟರೆ ಇನ್ನೊಬ್ಬರನ್ನು ಕೇಳಿ.

ಇಂಪ್ಲಾಂಟ್ ಹಾಕಿಸಿದ್ದೇನೆ. ಅದಕ್ಕೆ ವಸಡಿನ ಕಾಯಿಲೆ ಬರಲ್ಲ ಅಲ್ವಾ?

ಬರುತ್ತದೆ. 2017ರ ಪಟ್ಟಿಯಲ್ಲಿ ಮೊದಲ ಬಾರಿಗೆ ಇದಕ್ಕೂ ಜಾಗ ಸಿಕ್ಕಿತು. ಸುತ್ತಲಿನ ವಸಡು ಮಾತ್ರ ಊದಿದರೆ ಮ್ಯೂಕೊಸೈಟಿಸ್, ಮೂಳೆಯೂ ಕರಗಿದರೆ ಪೆರಿ-ಇಂಪ್ಲಾಂಟೈಟಿಸ್. ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಿಗೆ ಇದರ ಅಪಾಯ ಜಾಸ್ತಿ. ಕಾಯಿಲೆ ಹತೋಟಿಗೆ ಬರುವ ಮುಂಚೆ ಇಂಪ್ಲಾಂಟ್ ಹಾಕಿಸಲು ಆತುರ ಬೇಡ.

ಚಿಕಿತ್ಸೆ ಮಾಡಿಸಿದರೆ ಸ್ಟೇಜ್ 3 ಇಳಿದು 1 ಆಗುತ್ತಾ?

ಸಾಮಾನ್ಯವಾಗಿ ಆಗುವುದಿಲ್ಲ. ಸ್ಟೇಜ್ ಎಂದರೆ ಆದ ನಷ್ಟದ ಲೆಕ್ಕ. ಚಿಕಿತ್ಸೆಯಿಂದ ಬದಲಾಗುವುದು ಈಗಿನ ಸ್ಥಿತಿ. ರಕ್ತ ಬರುವ ಜಾಗ 10 ಪ್ರತಿಶತಕ್ಕಿಂತ ಕೆಳಗೆ ಬಂದು, ಪಾಕೆಟ್ಟುಗಳು 4 ಮಿ.ಮೀ. ದಾಟದೆ, ಆ 4ರ ಜಾಗದಲ್ಲೂ ರಕ್ತ ಇಲ್ಲದಿದ್ದರೆ ‘ಸ್ಟೇಜ್ 3, ಈಗ ಸ್ಥಿರ’ ಎಂದು ಬರೆಯುತ್ತೇವೆ. ಆ ‘ಸ್ಥಿರ’ ಎನ್ನುವ ಪದವೇ ನಿಮ್ಮ ಗುರಿ. ಗ್ರೇಡನ್ನು ಮಾತ್ರ ಮುಂದೆ ಬದಲಾಯಿಸಬಹುದು. ಸಿಗರೇಟು ಬಿಟ್ಟು, ಶುಗರ್ ಹಿಡಿತಕ್ಕೆ ತಂದವರ ವೇಗ ತಗ್ಗುತ್ತದೆ.

ದಾರಿ ಹೀಗೆ. ಮೊದಲು ಮನೆಯ ಅಭ್ಯಾಸ ಸರಿಮಾಡುವುದು, ಹಲ್ಲಿನ ಸಂದಿಗೆ ಸಣ್ಣ ಬ್ರಶ್ ಬಳಸುವುದು. ಆಮೇಲೆ ವಸಡಿನ ಕೆಳಗೆ ಬೇರಿನ ಮೇಲಿನ ಕಲ್ಲು (ಗಟ್ಟಿಯಾಗಿ ಅಂಟಿಕೊಂಡ ಪ್ಲಾಕ್) ತೆಗೆಯುವುದು, ಇದಕ್ಕೆ ಡೀಪ್ ಕ್ಲೀನಿಂಗ್ ಎನ್ನುತ್ತಾರೆ. ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಅಳೆದು, ಆಳ ಉಳಿದ ಕಡೆ ಮಾತ್ರ ಆಪರೇಶನ್. ನಂತರ ಕಾಯಿಲೆಯ ವೇಗಕ್ಕೆ ತಕ್ಕಂತೆ ಮೂರು, ನಾಲ್ಕು ಅಥವಾ ಆರು ತಿಂಗಳಿಗೊಮ್ಮೆ ಬರುತ್ತಿರಬೇಕು. ಈ ಕೊನೆಯದನ್ನೇ ಜನ ಬಿಟ್ಟುಬಿಡುವುದು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತೆ, ಸಂದಿ ಬೀಳುತ್ತೆ ಅಂತಾರಲ್ಲ?

ಕಲ್ಲೇ ಸಿಮೆಂಟಿನಂತೆ ಹಲ್ಲುಗಳನ್ನು ಹಿಡಿದಿಟ್ಟಿದ್ದರೆ, ತೆಗೆದಾಗ ಮೊದಲೇ ಇದ್ದ ಅಲ್ಲಾಟ ಗೊತ್ತಾಗುತ್ತದೆ. ಸಂದಿಯೂ ಮೊದಲೇ ಇತ್ತು, ಕಲ್ಲು ತುಂಬಿತ್ತು. ಊತ ಇಳಿದಾಗ ವಸಡು ಸ್ವಲ್ಪ ಕುಗ್ಗುತ್ತದೆ, ಕೆಲವು ವಾರ ಜುಮ್ ಅನ್ನುತ್ತದೆ. ಇದನ್ನು ಮೊದಲೇ ಹೇಳದೆ ಕಲ್ಲು ತೆಗೆಯುವುದು ನಮ್ಮವರದೇ ತಪ್ಪು. ಹಾಗಾಗಿ ಈ ಮಾತು ಊರೂರು ಸುತ್ತುತ್ತಿದೆ.

ಉಪ್ಪು ನೀರು, ಲವಂಗದ ಎಣ್ಣೆ, ಮೌತ್‌ವಾಶ್ ಸಾಕಾಗಲ್ವಾ?

ಉಪ್ಪು ನೀರು ಹಿತ ಕೊಡುತ್ತದೆ, ಲವಂಗ ನೋವು ಮರೆಸುತ್ತದೆ. ಬೇರಿಗೆ ಅಂಟಿದ ಕಲ್ಲನ್ನು ಇವು ಯಾವುದೂ ಕರಗಿಸುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಳ್ಳೆಯದು, ಆದರೆ ಡಾಕ್ಟರ್ ಹೇಳಿದಷ್ಟು ದಿನ ಮಾತ್ರ. ಜಾಸ್ತಿ ದಿನ ಹಾಕಿದರೆ ಹಲ್ಲಿನ ಮೇಲೆ ಕಂದು ಕಲೆ, ನಾಲಿಗೆಗೆ ರುಚಿ ಕೆಡುತ್ತದೆ. ಇದ್ದಿಲು, ಬೂದಿ, ಇಟ್ಟಿಗೆ ಪುಡಿ ಖಂಡಿತ ಬೇಡ.

ಯಾರ ಹತ್ತಿರ ಹೋಗಬೇಕು?

ಸ್ಟೇಜ್ 1, 2 ಆದರೆ ನಿಮ್ಮ ಹತ್ತಿರದ ಹಲ್ಲಿನ ಡಾಕ್ಟರೇ ಸಾಕು. 3, 4 ಅಥವಾ ಗ್ರೇಡ್ ಸಿ ಆದರೆ ಪೆರಿಯೊಡಾಂಟಿಸ್ಟ್, ಅಂದರೆ ವಸಡಿನ ತಜ್ಞರು, ನೋಡಲಿ. ದುಡ್ಡಿನ ಕಷ್ಟ ಇದ್ದರೆ ದಂತ ಕಾಲೇಜಿಗೆ ಹೋಗಿ. ಅಲ್ಲಿ ವಸಡಿಗೇ ಬೇರೆ ವಿಭಾಗ ಇರುತ್ತದೆ. ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಮೇಷ್ಟ್ರು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಆದರೆ 168 ಜಾಗವನ್ನೂ ಅಳೆದು ಬರೆಯುವ ತಾಳ್ಮೆ ಅಲ್ಲಿ ಸಿಗುವಷ್ಟು ಬೇರೆಡೆ ಸಿಗುವುದು ಕಷ್ಟ.

ಹಳೇ ಎಕ್ಸ್‌ರೇ ಮನೇಲಿ ಬಿದ್ದಿದೆ. ಎಸೆಯಬಹುದಾ?

ದಯವಿಟ್ಟು ಬೇಡ. ಮೇಲೆ ಹೇಳಿದೆನಲ್ಲ, ಗ್ರೇಡ್ ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಕವರಿನ ಮೇಲೆ ತಾರೀಕು ಬರೆಯಿರಿ. ಪಾಕೆಟ್ ಅಳತೆಯ ಹಾಳೆಯನ್ನೂ ಕೇಳಿ ಇಸಕೊಳ್ಳಿ, ಅದು ನಿಮ್ಮದು. ಮುಂದಿನ ಸಲ ಡಾಕ್ಟರ್ ಬದಲಾಯಿಸಿದರೂ ಎರಡನ್ನೂ ಜೊತೆಗೆ ತನ್ನಿ.